ಹಾಜರಿ ತಪ್ಪಿಲ್ಲ, ಅಕ್ಷರ ಒಲಿದಿಲ್ಲ

ಎಸ್‌ಎಸ್‌ಎಲ್‌ಸಿ ಫಲಿತಾಂಶದ ಮರುದಿನ ಪತ್ರಿಕೆ ತೆರೆಯುವುದೆಂದರೆ ನಮ್ಮ ಭಾಗದ ಶಿಕ್ಷಕರಿಗೆ ಅಳುಕು. 2024ರಲ್ಲಿ ಜಿಲ್ಲೆಗಳ ಪಟ್ಟಿಯ ಕೊನೆಗೆ ಯಾದಗಿರಿ ಇತ್ತು, 2025ರಲ್ಲಿ ಕಲಬುರಗಿ. ಅದರ ಬೆನ್ನಿಗೇ ಸಭೆಗಳು ನಡೆಯುತ್ತವೆ, ಮುಖ್ಯಶಿಕ್ಷಕರಿಗೆ ನೋಟಿಸು ಹೋಗುತ್ತದೆ, ಬೆಳಗಿನ ಜಾವದ ವಿಶೇಷ ತರಗತಿ, ಪಾಸಿಂಗ್ ಪ್ಯಾಕೇಜು, ಮನೆಮನೆ ಭೇಟಿ ಎಲ್ಲವೂ ಶುರುವಾಗುತ್ತವೆ. ಹತ್ತನೆಯ ತರಗತಿಯ ಹುಡುಗನೊಬ್ಬ ಪ್ರಶ್ನೆಪತ್ರಿಕೆಯನ್ನೇ ಓದಲಾರ ಎಂಬುದು ಆಗ ಎಲ್ಲರಿಗೂ ಹೊಸ ಸುದ್ದಿ. ನಾನು ಕಲಬುರಗಿ ಜಿಲ್ಲೆಯ ಚಿತ್ತಾಪುರ ತಾಲ್ಲೂಕಿನ ಒಂದು ಸರ್ಕಾರಿ ಶಾಲೆಯಲ್ಲಿ, ಕಾರ್ಡು, ಚಟುವಟಿಕೆಗಳ ಮೂಲಕ ಕಲಿಸುವ ನಲಿಕಲಿ ಪದ್ಧತಿಯ ಶಿಕ್ಷಕಿ. ಒಂದರಿಂದ ಮೂರನೆಯ ತರಗತಿಯವರೆಗಿನ ಮಕ್ಕಳು ಒಂದೇ ಕೋಣೆಯಲ್ಲಿ ನನ್ನ ಮುಂದೆ ಕೂರುತ್ತಾರೆ. ಆ ಹುಡುಗ ಯಾರು ಎಂಬುದು ನಮ್ಮಂಥವರಿಗೆ ಅವನ ಏಳನೆಯ ವಯಸ್ಸಿನಲ್ಲೇ ಗೊತ್ತಿರುತ್ತದೆ. ಕೇಳುವವರು ಇರುವುದಿಲ್ಲ, ಅಷ್ಟೆ.

ನಮ್ಮ ಕಡೆ ಓದು ಬಾರದ ಮಕ್ಕಳಲ್ಲಿ ಹಲವು ಬಗೆ. ತೊಗರಿ ರಾಶಿ ಮುಗಿದ ಮೇಲೆ ತಂದೆತಾಯಿಯ ಜೊತೆ ಪುಣೆಗೋ ಹೈದರಾಬಾದಿಗೋ ಬೆಂಗಳೂರಿಗೋ ಹೊರಟು ಯುಗಾದಿಯ ಹೊತ್ತಿಗೆ ಮರಳುವ ಮಗುವಿದೆ. ತಾಂಡಾದಿಂದ ಬರುವ, ಶಾಲೆಗೆ ಸೇರುವವರೆಗೂ ಮನೆಯಲ್ಲಿ ಲಂಬಾಣಿ ಬಿಟ್ಟು ಬೇರೆ ಮಾತು ಕೇಳಿರದ ಮಗುವಿದೆ. ಸೇಡಂ, ಗುರುಮಠಕಲ್ ಕಡೆ ಹೋದರೆ ಮನೆಮಾತು ತೆಲುಗು. ಆಳಂದ, ಭಾಲ್ಕಿ, ಔರಾದ್ ಕಡೆ ಮರಾಠಿ. ಪೇಟೆಯ ಓಣಿಗಳಲ್ಲಿ ದಖನಿ ಉರ್ದು. ಕಪ್ಪುಹಲಗೆ ಕಾಣದೆ ಕನ್ನಡಕಕ್ಕಾಗಿ ಕಾಯುತ್ತಿರುವ ಮಗುವಿದೆ. ಅರ್ಧ ವರ್ಷ ಶಿಕ್ಷಕರೇ ಇಲ್ಲದ ಶಾಲೆಯಿಂದ ಬಂದ ಮಗುವಿದೆ. ಇವರೆಲ್ಲರ ನಡುವೆ ಇನ್ನೊಂದು ಮಗು ಕೂತಿರುತ್ತದೆ. ದಿನ ತಪ್ಪದೆ ಬರುತ್ತದೆ, ಕನ್ನಡವನ್ನೇ ಆಡುತ್ತದೆ, ಕಣ್ಣು ಕಿವಿ ಸರಿಯಾಗಿವೆ, ಕೇಳಿದ ಕತೆಯನ್ನು ಬಣ್ಣ ಕಟ್ಟಿ ಹೇಳುತ್ತದೆ. ಆದರೂ ನಿನ್ನೆ ಗುರುತಿಸಿದ ‘ಮ’ ಇಂದು ಅದಕ್ಕೆ ‘ಯ’ ಆಗಿರುತ್ತದೆ. ಎಲ್ಲರೂ ಸರಾಗವಾಗಿ ಓದುವ ಶಾಲೆಯಲ್ಲಿ ಇಂಥ ಮಗು ತಾನಾಗಿಯೇ ಕಣ್ಣಿಗೆ ಬೀಳುತ್ತದೆ. ನಮ್ಮಲ್ಲಿ ಅದಕ್ಕೆ ಮರೆಯಾಗಲು ಬೇಕಾದಷ್ಟು ಗುಂಪಿದೆ.

ಡಿಸ್ಲೆಕ್ಸಿಯಾ ಎಂದು ಕರೆಯುವುದು ಈ ಕೊನೆಯ ಮಗುವಿನ ತೊಡಕನ್ನು. ಅದು ಕಣ್ಣಿನ ದೋಷವಲ್ಲ, ಬುದ್ಧಿಯ ಕೊರತೆಯೂ ಅಲ್ಲ. ಮಾತಿನೊಳಗಿನ ಧ್ವನಿಗಳನ್ನು ಬಿಡಿಸಿ ಅಕ್ಷರಕ್ಕೆ ಜೋಡಿಸುವ ಕೆಲಸ ಕೆಲವರ ಮಿದುಳಿಗೆ ಹುಟ್ಟಿನಿಂದಲೇ ಕಷ್ಟ. ವಂಶದಲ್ಲಿ ಹರಿದು ಬರುವುದೂ ಹೆಚ್ಚು. 1896ರಲ್ಲಿ ಪ್ರಿಂಗಲ್ ಮಾರ್ಗನ್ ಎಂಬ ಇಂಗ್ಲಿಷ್ ವೈದ್ಯ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪರ್ಸಿ ಎಂಬ 14 ವರ್ಷದ ಹುಡುಗನ ಬಗ್ಗೆ ಬರೆದ. ಪಾಠವೆಲ್ಲ ಬಾಯಿಮಾತಿನಲ್ಲೇ ನಡೆದಿದ್ದರೆ ಶಾಲೆಗೇ ಜಾಣನಾಗುತ್ತಿದ್ದ ಎಂದು ಆ ಹುಡುಗನ ಮೇಷ್ಟ್ರು ಹೇಳಿದ್ದರಂತೆ. ಆ ಮೇಷ್ಟ್ರ ಮಾತನ್ನು ನಮ್ಮ ಸಿಬ್ಬಂದಿ ಕೋಣೆಯಲ್ಲಿ ಈಗಲೂ ಕೇಳಬಹುದು. ನಮ್ಮ ಶಿಕ್ಷಕರಿಗೆ ರೋಗದ ಹೆಸರು ಗೊತ್ತಿಲ್ಲದಿರಬಹುದು, ಹುಡುಗ ಗೊತ್ತು. ‘ರೋಗ’ ಎಂದು ಬರೆದೆ; ಅದು ರೋಗವೂ ಅಲ್ಲ. ಟಾನಿಕ್ಕಿನಿಂದ, ತಾಯತದಿಂದ, ಹೊಡೆತದಿಂದ ಹೋಗುವಂಥದಲ್ಲ.

ಕಾನೂನಿನಲ್ಲಿ ಎಲ್ಲವೂ ಇದೆ. 1995ರ ಕಾಯ್ದೆಯಲ್ಲಿ ಅಂಗವೈಕಲ್ಯದ ಬಗೆಗಳು ಏಳು ಮಾತ್ರ ಇದ್ದವು, ಕಲಿಕೆಯ ತೊಡಕು ಅದರಲ್ಲಿ ಇರಲಿಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಆ ಪಟ್ಟಿಯನ್ನು 21ಕ್ಕೆ ಏರಿಸಿ ನಿರ್ದಿಷ್ಟ ಕಲಿಕಾ ನ್ಯೂನತೆಯನ್ನೂ ಸೇರಿಸಿತು. ಮಕ್ಕಳಲ್ಲಿ ಇದನ್ನು ಆದಷ್ಟು ಬೇಗ ಪತ್ತೆಹಚ್ಚಿ ಬೋಧನೆಯಲ್ಲಿ ತಕ್ಕ ಕ್ರಮ ಕೈಗೊಳ್ಳಬೇಕೆಂದು ಅದರ 16ನೆಯ ಕಲಂ ಶಾಲೆಗಳಿಗೆ ಹೇಳುತ್ತದೆ. ಐದು ವರ್ಷಕ್ಕೊಮ್ಮೆ ಶಾಲಾ ಮಕ್ಕಳ ಸಮೀಕ್ಷೆ ನಡೆಯಬೇಕು ಎನ್ನುತ್ತದೆ 17ನೆಯ ಕಲಂ. 2018ರ ಜನವರಿಯಲ್ಲಿ ಬಂದ ಮಾರ್ಗಸೂಚಿಯ ಪ್ರಕಾರ ಮೊದಲ ತಪಾಸಣೆ ಶಿಕ್ಷಕರದು, ಮೂರನೆಯ ತರಗತಿಯಲ್ಲಿ ಅಥವಾ ಎಂಟನೆಯ ವಯಸ್ಸಿನಲ್ಲಿ. ಬಳಿಕ ಕಣ್ಣು ಕಿವಿಯ ಪರೀಕ್ಷೆ, ಬುದ್ಧಿಮಟ್ಟದ ಪರೀಕ್ಷೆ, ನಿಮ್ಹಾನ್ಸ್ ರೂಪಿಸಿದ ಕಲಿಕಾ ಪರೀಕ್ಷೆಗಳು. ಎಂಟು ತುಂಬುವ ಮೊದಲು ಪ್ರಮಾಣಪತ್ರವಿಲ್ಲ. 14ಕ್ಕೆ ಮತ್ತು 18ಕ್ಕೆ ಮರುಪರೀಕ್ಷೆ.

ಎಂಟರ ಈ ಗಡಿಯಲ್ಲಿ ಅರ್ಥವಿದೆ. ಆರು ವರ್ಷದ ಮಗು ಅಕ್ಷರ ತಪ್ಪಿದರೆ ಅದಕ್ಕೊಂದು ಮುದ್ರೆ ಒತ್ತಬಾರದು. ಆದರೆ ಪ್ರಮಾಣಪತ್ರಕ್ಕೆ ಇಟ್ಟ ಗಡಿ ಸಹಾಯಕ್ಕೂ ಗಡಿಯಾಗಿಬಿಟ್ಟಿದೆ. ‘ಇನ್ನೂ ಚಿಕ್ಕವನು, ಮುಂದೆ ಬರುತ್ತದೆ ಬಿಡಿ’ ಎಂದು ಒಂದರಲ್ಲಿ ಹೇಳುತ್ತಾರೆ, ಎರಡರಲ್ಲಿಯೂ ಹೇಳುತ್ತಾರೆ. ಮೂರು ಮುಗಿಯುವಷ್ಟರಲ್ಲಿ ನಲಿಕಲಿಯೂ ಮುಗಿಯುತ್ತದೆ. ನಾಲ್ಕರಲ್ಲಿ ಕಾರ್ಡುಗಳಿಲ್ಲ, ಮಕ್ಕಳು ಗುಂಪುಗುಂಪಾಗಿ ಕೂತು ಕಲಿಯುವ ‘ತಟ್ಟೆ’ಗಳಿಲ್ಲ. ದಪ್ಪ ಪಠ್ಯಪುಸ್ತಕ, ಪರಿಸರ ಅಧ್ಯಯನದ ಉದ್ದುದ್ದ ಪ್ಯಾರಾ. ಓದಲು ಕಲಿಯುವ ಕಾಲ ಹೋಗಿ ಓದಿ ಕಲಿಯುವ ಕಾಲ ಬಂದಿರುತ್ತದೆ. ಪ್ರಮಾಣಪತ್ರದ ಮಾತು ಎದ್ದಾಗ ಮಗು ಆಗಲೇ ಹಿಂದಿನ ಸಾಲಿಗೆ ಹೋಗಿ ಕೂತಿರುತ್ತದೆ.

ತಪಾಸಣೆ ನಡೆಯುವುದೇ ಇಲ್ಲ ಎಂದರೆ ಸುಳ್ಳಾಗುತ್ತದೆ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಅಂಗನವಾಡಿಗೆ ವರ್ಷಕ್ಕೆ ಎರಡು ಸಲ, ಶಾಲೆಗೆ ಒಂದು ಸಲ ಬರಬೇಕು. ಅವರು ನೋಡಬೇಕಾದ 30 ತೊಂದರೆಗಳ ಪಟ್ಟಿಯಲ್ಲಿ ಕಲಿಕೆಯ ತೊಡಕೂ ಇದೆ. ಆದರೆ ಇಡೀ ಶಾಲೆಯ ಮಕ್ಕಳನ್ನು ಒಂದು ಮಧ್ಯಾಹ್ನದೊಳಗೆ ಸಾಲಾಗಿ ನಿಲ್ಲಿಸಿ ನೋಡುವ ವೈದ್ಯರಿಗೆ ಟಾರ್ಚಿನ ಬೆಳಕಿನಲ್ಲಿ ಹುಳುಕು ಹಲ್ಲು ಕಂಡೀತು, ಓದಿನ ತೊಡಕು ಹೇಗೆ ಕಂಡೀತು? ಎನ್‌ಸಿಇಆರ್‌ಟಿ 2022ರಲ್ಲಿ ತಂದ ‘ಪ್ರಶಸ್ತ್’ ಆ್ಯಪ್‌ನಲ್ಲಿ ತರಗತಿಯ ಶಿಕ್ಷಕರೇ ಮಗುವಿನ ಬಗ್ಗೆ ಹೇಳಿಕೆಗಳಿಗೆ ಹೌದು, ಇಲ್ಲ ಎಂದು ಗುರುತು ಹಾಕಬೇಕು. ಉದ್ದೇಶ ಒಳ್ಳೆಯದು. ಸಂಜೆಯೊಳಗೆ ಮಾಹಿತಿ ಕಳುಹಿಸಿ ಎಂಬ ವಾಟ್ಸ್ಆ್ಯಪ್ ಸಂದೇಶ ಮಧ್ಯಾಹ್ನ ಬಂದರೆ ಅದು ತಪಾಸಣೆಯಾಗಿ ಉಳಿಯುವುದಿಲ್ಲ, ಬಿಸಿಯೂಟದ ಲೆಕ್ಕ, ಮೊಟ್ಟೆಯ ಲೆಕ್ಕ, ಶೂ-ಸಾಕ್ಸಿನ ಲೆಕ್ಕದ ಸಾಲಿಗೆ ಸೇರಿಬಿಡುತ್ತದೆ. ಪಟ್ಟಿ ಕಳುಹಿಸಿದ ಮೇಲೆ ಏನಾಗುತ್ತದೆ ಎಂದು ಕೇಳಿದ ಶಿಕ್ಷಕರಿಗೆ ಬರುವ ಉತ್ತರ ಮುಂದಿನ ವರ್ಷದ ಪಟ್ಟಿ.

ಕನ್ನಡದಲ್ಲೂ ತಯಾರಾದ ಒಂದು ಸಾಧನವಿದೆ. ಹರಿಯಾಣದ ಮಾನೇಸರದಲ್ಲಿರುವ ರಾಷ್ಟ್ರೀಯ ಮಿದುಳು ಸಂಶೋಧನಾ ಕೇಂದ್ರದಲ್ಲಿ ನಂದಿನಿ ಚಟರ್ಜಿ ಸಿಂಗ್ ಅವರ ತಂಡ ‘ಡಾಲಿ’ ಎಂಬ ಪರೀಕ್ಷಾ ಸಾಮಗ್ರಿಯನ್ನು ಸಿದ್ಧಪಡಿಸಿ 2015ರಲ್ಲಿ ಹೊರತಂದಿತು. ಒಂದು ಮತ್ತು ಎರಡನೆಯ ತರಗತಿಗೆ ಒಂದು ಭಾಗ, ಮೂರರಿಂದ ಐದಕ್ಕೆ ಇನ್ನೊಂದು. ಎರಡನ್ನೂ ಶಾಲೆಯ ಶಿಕ್ಷಕರೇ ಬಳಸಬಹುದು. ಆಗ ಅದು ಬಂದದ್ದು ಹಿಂದಿ, ಮರಾಠಿ, ಕನ್ನಡ, ಇಂಗ್ಲಿಷ್ ಈ ನಾಲ್ಕು ಭಾಷೆಗಳಲ್ಲಿ. ಬೀದರ್ ಜಿಲ್ಲೆಯ ಕನ್ನಡ, ಮರಾಠಿ ಶಾಲೆಗಳೆರಡಕ್ಕೂ ಇದು ಹೇಳಿ ಮಾಡಿಸಿದ ಜೋಡಿ. ಅದೇ ಬೀದರಿನ, ಕಲಬುರಗಿಯ ಉರ್ದು ಶಾಲೆಗಳು ಆ ನಾಲ್ಕರೊಳಗೆ ಇರಲಿಲ್ಲ. ಹ್ರಸ್ವ ಸ್ವರಗಳನ್ನು ಸಾಮಾನ್ಯವಾಗಿ ಬರೆಯದ ಉರ್ದು ಲಿಪಿಯಲ್ಲಿ ಎಡವುವ ಮಗುವನ್ನು ಅಳೆಯಲು ಕನ್ನಡದ ಅಳತೆ ಒಗ್ಗುವುದಿಲ್ಲ.

ಕನ್ನಡದ ಅಳತೆಯೇ ಬೇರೆ ಎಂಬುದನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಇಲ್ಲಿಯೇ ನಾವು ದಾರಿ ತಪ್ಪುತ್ತಿದ್ದೇವೆ. ತರಬೇತಿಗಳಲ್ಲಿ ಡಿಸ್ಲೆಕ್ಸಿಯಾ ಎಂದೊಡನೆ ತೆರೆಯ ಮೇಲೆ ಮೂಡುವುದು ಇಂಗ್ಲಿಷಿನ ‘ಬಿ’ ಮತ್ತು ‘ಡಿ’ ಅಕ್ಷರಗಳು ಅದಲುಬದಲಾದ ಚಿತ್ರ. ಮುಗಿಯಿತು, ಅಂದಿನಿಂದ ಶಿಕ್ಷಕರು ಕನ್ನಡಿಯಲ್ಲಿ ಕಂಡಂತೆ ಬರೆಯುವ ಮಗುವಿಗಾಗಿ ಹುಡುಕುತ್ತಾರೆ. ಕನ್ನಡದಲ್ಲಿ ಒಂದು ಇನ್ನೊಂದರ ಕನ್ನಡಿಬಿಂಬವಾಗಿರುವ ಅಂಥ ಜೋಡಿ ಇಲ್ಲ. ನಮ್ಮಲ್ಲಿ ಕಾಡುವುದು ಪ, ಷ, ಫಗಳ ಹೋಲಿಕೆ. ಮ ಮತ್ತು ಯ. ಒಂದು ಸೀಳಿನಿಂದ ಬೇರೆಯಾಗುವ ದ ಮತ್ತು ಧ. ಅದಕ್ಕಿಂತ ದೊಡ್ಡದು ರಾಶಿಯ ಸಮಸ್ಯೆ. 34 ವ್ಯಂಜನಗಳಿಗೆ ಸ್ವರಚಿಹ್ನೆ ಸೇರಿದರೆ ಕಾಗುಣಿತದ ರೂಪಗಳೇ 400 ದಾಟುತ್ತವೆ, ಒತ್ತಕ್ಷರ ಇನ್ನೂ ಬಾಕಿ. ‘ಪ್ರೀತಿ’ ಎಂದು ಬರೆದಾಗ ಗುಡಿಸಿನ ದೀರ್ಘ ಕೂತಿರುವುದು ‘ಪ’ದ ಜೊತೆಗೆ, ಕೇಳಿಸುವುದು ಕೆಳಗಿನ ‘ರ’ದ ನಂತರ. ‘ಸೂರ್ಯ’ನಲ್ಲಿ ಅರ್ಕಾವತ್ತು ‘ಯ’ ಆದ ಮೇಲೆ ಬರುತ್ತದೆ, ಬಾಯಲ್ಲಿ ಅದು ಮೊದಲೇ ಬಂದಿರಬೇಕು. ಕಣ್ಣು ಸಾಗುವ ಕ್ರಮ ಒಂದು, ನಾಲಿಗೆ ಸಾಗುವ ಕ್ರಮ ಇನ್ನೊಂದು. ಎಲ್ಲ ಮಕ್ಕಳೂ ಇಲ್ಲಿ ಒಮ್ಮೆ ಎಡವುತ್ತಾರೆ. ಡಿಸ್ಲೆಕ್ಸಿಯಾ ಇರುವ ಮಗು ಇಲ್ಲಿಯೇ ನಿಂತುಬಿಡುತ್ತದೆ.

ಇನ್ನೊಂದು ಮುಖವೂ ಇದೆ. ಜರ್ಮನ್, ಇಟಾಲಿಯನ್ ಥರ ಬರೆದಂತೆಯೇ ಓದುವ ಭಾಷೆಗಳಲ್ಲಿ ಈ ತೊಡಕು ತಪ್ಪುಗಳಿಗಿಂತ ಹೆಚ್ಚಾಗಿ ನಿಧಾನದಲ್ಲಿ ಕಾಣಿಸಿಕೊಳ್ಳುತ್ತದೆ. ನಮ್ಮದೂ ಬರೆದಂತೆ ಓದುವ ಭಾಷೆ. ಹಾಗಾಗಿ ನನ್ನ ಕಿವಿ ಹುಡುಕುವುದು ಅಕ್ಷರಕ್ಕೊಮ್ಮೆ ನಿಲ್ಲುವ ಮಗುವನ್ನು. ‘ಗ… ರ… ಗ… ಸ’ ಎಂದು ನಾಲ್ಕನ್ನೂ ಸರಿಯಾಗಿಯೇ ಹೇಳಿ, ಕೊನೆಗೆ ‘ಗರಗಸ’ ಎಂಬ ಪದ ಅದರ ಬಾಯಿಗೆ ಬರುವುದೇ ಇಲ್ಲ. ತಪ್ಪು ಎಣಿಸುವ ಪರೀಕ್ಷೆಯಲ್ಲಿ ಈ ಮಗು ಪಾಸು. ಬೆಂಗಳೂರಿನಲ್ಲಿ ಕೆಲಸ ಮಾಡಿದ ಸೋನಾಲಿ ನಾಗ್ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸಾಮಾನ್ಯ ಮಕ್ಕಳಿಗೂ ಕನ್ನಡದ ಅಕ್ಷರಗಳೆಲ್ಲ ಕೈವಶವಾಗಲು ನಾಲ್ಕನೆಯ ತರಗತಿಯವರೆಗೆ ಸಮಯ ಬೇಕು, ಅಕ್ಷರದೊಳಗಿನ ಬಿಡಿ ಧ್ವನಿಗಳ ಅರಿವು ಇನ್ನೂ ನಿಧಾನವಾಗಿ ಮೂಡುತ್ತದೆ ಎಂದು ತೋರಿಸಿದರು. ನಲಿಕಲಿಯ ಮೂರು ವರ್ಷ ಮುಗಿದ ಮೇಲೆ ಅಕ್ಷರ ಕಲಿಸುವುದನ್ನೇ ನಿಲ್ಲಿಸುವ ನಮ್ಮ ಪದ್ಧತಿಗೆ ಇದಕ್ಕಿಂತ ಸ್ಪಷ್ಟ ಎಚ್ಚರಿಕೆ ಬೇಕಿಲ್ಲ.

ಕಂಠಪಾಠದ ಮೋಸವನ್ನೂ ಹೇಳಿಬಿಡುತ್ತೇನೆ. ‘ಕ ಕಾ ಕಿ ಕೀ’ ಎಂದು ಇಡೀ ತರಗತಿ ಹಾಡುವಾಗ ಎಲ್ಲರ ಬಾಯಿಯೂ ಆಡುತ್ತದೆ. ಪುಸ್ತಕದ ಪುಟವನ್ನು ಗಡಗಡ ಒಪ್ಪಿಸುವ ಹುಡುಗಿಯ ಬೆರಳು ಎರಡು ಸಾಲು ಕೆಳಗಿರುತ್ತದೆ. ಹೊರಗಿನಿಂದ ತಪಾಸಣೆಗೆ ಬಂದವರು ಮೆಚ್ಚಿ ಚಪ್ಪಾಳೆ ತಟ್ಟಿಸುತ್ತಾರೆ. ನಮ್ಮ ಕೋಣೆಯ ನೆಲಕ್ಕೆ ಹಾಸಿರುವುದು ಶಹಾಬಾದಿನ ಫರಸಿ. ಅದರ ಮೇಲೆ ಚಾಕ್‌ಪೀಸಿನಿಂದ ‘ಕೀ’ ಒಂದನ್ನೇ ಬರೆದು, ಅದರ ಪಕ್ಕ ‘ಗೂ’, ಅದರ ಪಕ್ಕ ‘ಸಿ’ ಬರೆದು ಕೇಳಿದರೆ ಹಾಡು ನಿಂತುಹೋಗುತ್ತದೆ. ಕ್ರಮ ಮುರಿಯದೆ ಯಾವ ಮಗುವಿನ ಓದೂ ತಿಳಿಯುವುದಿಲ್ಲ.

ನನ್ನ ವಾದ ಇಷ್ಟು: ತಪಾಸಣೆಯ ಮೊದಲ ಸಾಧನ ನಲಿಕಲಿ ಕೋಣೆಯ ಗೋಡೆಯ ಮೇಲೆ ಆಗಲೇ ತೂಗುತ್ತಿದೆ, ನಾವು ಅದನ್ನು ಓದುತ್ತಿಲ್ಲ. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಹುಟ್ಟಿ, 2009-10ರಿಂದ ರಾಜ್ಯದ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳಿಗೆಲ್ಲ ಹಬ್ಬಿದ ಈ ಪದ್ಧತಿಯಲ್ಲಿ ಪ್ರತಿ ಮಗು ತನ್ನ ವೇಗದಲ್ಲಿ ಕಲಿಕಾ ಏಣಿಯ ಮೆಟ್ಟಿಲು ಹತ್ತುತ್ತದೆ. ಶಿಕ್ಷಕರ ಪೂರ್ಣ ಸಹಾಯ ಬೇಕಾದವರು ಮೊದಲ ತಟ್ಟೆಯಲ್ಲಿ, ತಾವೇ ಮಾಡುವವರು ಕೊನೆಯ ತಟ್ಟೆಯಲ್ಲಿ. ಯಾರು ಎಲ್ಲಿದ್ದಾರೆ ಎಂಬುದು ಪ್ರಗತಿ ನೋಟದಲ್ಲಿ ದಾಖಲಾಗುತ್ತದೆ. ಆ ಪ್ರಗತಿ ನೋಟದ ಪಕ್ಕ ಹಾಜರಿ ಪುಸ್ತಕವನ್ನು ತೆರೆದಿಡಿ. ಹಾಜರಿಯೂ ಕಡಿಮೆ, ಮೆಟ್ಟಿಲೂ ಕೆಳಗೆ ಎಂದರೆ ಆ ಮಗುವಿಗೆ ಬೇಕಾದದ್ದು ಊರಿನಲ್ಲಿ ಉಳಿಯುವ ವ್ಯವಸ್ಥೆ, ಋತುಮಾನದ ವಸತಿನಿಲಯ, ಬಿಟ್ಟುಹೋದ ಪಾಠ. ಹಾಜರಿ ತುಂಬಿದೆ, ಮೆಟ್ಟಿಲು ಮಾತ್ರ ತಿಂಗಳುಗಟ್ಟಲೆ ಅಲ್ಲಾಡಿಲ್ಲ ಎಂದರೆ ಅಲ್ಲಿ ಬೆರಳಿಟ್ಟು ನಿಲ್ಲಬೇಕು. ಕಣ್ಣು ಕಿವಿ ತೋರಿಸಬೇಕು. ಮನೆಮಾತು ಬೇರೆಯಾದರೆ ಆ ಮಾತು ಬಲ್ಲ ದೊಡ್ಡ ಮಗುವನ್ನು ಕೂರಿಸಿಕೊಂಡು ಪ್ರಾಸ ಹುಡುಕುವ, ಪದದ ತಲೆ ಕತ್ತರಿಸುವ ಆಟವನ್ನು ಲಂಬಾಣಿಯಲ್ಲೋ ಉರ್ದುವಿನಲ್ಲೋ ಆಡಿಸಬೇಕು. ತನ್ನ ಮಾತಿನಲ್ಲಿ ಸಲೀಸಾಗಿ ಆಡುವ ಮಗುವಿಗೆ ಬೇಕಿರುವುದು ಕನ್ನಡದ ಪರಿಚಯ. ತನ್ನ ಮಾತಿನಲ್ಲೂ ಧ್ವನಿ ಬಿಡಿಸಲಾರದ ಮಗುವಿನ ಕತೆ ಬೇರೆ ಇರಬಹುದು; ಡಾಲಿಯಂಥ ಪರೀಕ್ಷೆ ಮೊದಲು ಆಗಬೇಕಾದದ್ದು ಆ ಮಗುವಿಗೆ.

ಪ್ರಶ್ನಾವಳಿಗಳಲ್ಲಿ ಒಂದು ಪ್ರಶ್ನೆ ಖಾಯಂ: ಮನೆಯಲ್ಲಿ ಬೇರೆ ಯಾರಿಗಾದರೂ ಓದಿನ ತೊಂದರೆ ಇತ್ತೇ? 2011ರ ಜನಗಣತಿಯಲ್ಲಿ ಯಾದಗಿರಿ ಜಿಲ್ಲೆಯ ಸಾಕ್ಷರತೆ ಶೇ 51.83, ರಾಜ್ಯದ್ದು ಶೇ 75.36. ಅಜ್ಜ ಅಜ್ಜಿ ಶಾಲೆಯ ಮೆಟ್ಟಿಲನ್ನೇ ಹತ್ತದ ಮನೆಯಲ್ಲಿ ಆ ಪ್ರಶ್ನೆಗೆ ಯಾವ ಉತ್ತರ ಬಂದೀತು? ಅಪ್ಪ ನಾಲ್ಕನೆಯ ತರಗತಿಗೆ ಶಾಲೆ ಬಿಟ್ಟದ್ದು ಅಕ್ಷರ ಹತ್ತದೆಯೋ, ದನ ಕಾಯಲೋ? ಹುಡುಗನ ತಾಯಿಯೊಬ್ಬರು ಒಮ್ಮೆ ನನ್ನನ್ನೇ ತಿರುಗಿ ಕೇಳಿದರು: “ಇವನ ಅಕ್ಕ ಹೀಗಿರಲಿಲ್ಲ ಟೀಚರ್. ವಾಡಿ ಸಂತೆಯಲ್ಲಿ ಚಿಲ್ಲರೆ ಎಣಿಸುವುದರಲ್ಲಿ ಇವನು ಅವಳಿಗಿಂತ ಚುರುಕು. ಪುಸ್ತಕ ಹಿಡಿದರೆ ಮಾತ್ರ ಬೆವರುತ್ತಾನೆ. ತಲೆಯಲ್ಲಿ ಏನಾದರೂ ಕಡಿಮೆ ಇದೆಯೇ?” “ಕಡಿಮೆ ಏನೂ ಇಲ್ಲವ್ವ, ಅಕ್ಷರದ ದಾರಿ ಇವನಿಗೆ ದೂರ” ಎಂದೆ. ಅಕ್ಕನ ಜೊತೆ ಹೋಲಿಸಿದ ಆ ಮಾತಿನಲ್ಲಿ ಯಾವ ಪ್ರಶ್ನಾವಳಿಯಲ್ಲೂ ಸಿಗದಷ್ಟು ಮಾಹಿತಿ ಇತ್ತು. ಒಂದೇ ಮನೆ, ಒಂದೇ ಶಾಲೆ, ಒಂದೇ ಶಿಕ್ಷಕಿ.

ಜಗತ್ತಿನ ಮಹಾ ವಿಜ್ಞಾನಿಗಳಿಗೂ ಡಿಸ್ಲೆಕ್ಸಿಯಾ ಇತ್ತಂತೆ ಎಂಬ ಪೋಸ್ಟರುಗಳನ್ನು ಕಂಡರೆ ನನಗೆ ರೇಗುತ್ತದೆ. ಸತ್ತವರನ್ನು ಪರೀಕ್ಷಿಸಿದವರು ಯಾರು? ಓದಲು ಸಹಾಯ ಸಿಗಬೇಕಾದರೆ ಮಗು ಪ್ರತಿಭಾವಂತನೂ ಆಗಿರಬೇಕೇ? ಸಾಧಾರಣ ಮಗುವಿಗೂ ಬಸ್ಸಿನ ಬೋರ್ಡು, ರೇಷನ್ ಕಾರ್ಡು, ಔಷಧದ ಚೀಟಿ ಓದಲು ಬರಬೇಕು.

ಸಹಾಯ ಎಂದರೆ ದುಬಾರಿ ಯಂತ್ರವಲ್ಲ. ದಿನಕ್ಕೆ ಅರ್ಧ ಗಂಟೆ, ಮೂರು ನಾಲ್ಕು ಮಕ್ಕಳು, ಬಿಡದೆ ನಡೆಯುವ ಕ್ರಮಬದ್ಧ ಪಾಠ. ನಲಿಕಲಿಯ ಮೊದಲ ಐದು ಅಕ್ಷರ ರ, ಗ, ಸ, ದ, ಅ. ಇಷ್ಟರಲ್ಲೇ ಸರ, ಅರಸ, ದರ, ಗರಗಸ ಹುಟ್ಟುವುದರಿಂದ ಮಗುವಿಗೆ ಮೊದಲ ವಾರಗಳಲ್ಲೇ ‘ಓದಿದೆ’ ಎನ್ನುವ ಸುಖ ಸಿಗುತ್ತದೆ. ಉಸುಕಿನಲ್ಲಿ ಬೆರಳಿನಿಂದ ಬರೆಯುತ್ತಾ ಧ್ವನಿಯನ್ನು ಗಟ್ಟಿಯಾಗಿ ಹೇಳಿಸುತ್ತೇನೆ. ಕಣ್ಣು, ಕೈ, ಕಿವಿ, ಬಾಯಿ ನಾಲ್ಕೂ ಒಟ್ಟಿಗೆ ದುಡಿಯಬೇಕು. ಕಾಗುಣಿತವನ್ನು ‘ಕ’ದ ಸಾಲಿನಲ್ಲಿ ಉದ್ದಕ್ಕೆ ಹೇಳಿಸುವ ಬದಲು ಒಂದೇ ಚಿಹ್ನೆಯನ್ನು ಹಿಡಿದು ರಾ, ಗಾ, ಸಾ, ದಾ ಎಂದು ಅಡ್ಡಕ್ಕೆ ಸಾಗಿದರೆ ಇಳಿಯ ಧ್ವನಿ ಏನೆಂದು ಮಗುವಿಗೆ ಹೊಳೆಯುತ್ತದೆ. ಅದು ಗಟ್ಟಿಯಾದ ಮೇಲೆ ಗುಡಿಸು. ಒತ್ತಕ್ಷರಕ್ಕೆ ಅವಸರವಿಲ್ಲ, ಅಕ್ಕ, ಅಪ್ಪ, ಅಣ್ಣ ಮೊದಲು, ‘ಸೂರ್ಯ’ ಬಹಳ ಆಮೇಲೆ. ನಾಲ್ಕು ಸಾಲಿನ ಅದೇ ಪಾಠವನ್ನು ಮತ್ತೆ ಮತ್ತೆ ಓದಿಸಿದರೆ ವೇಗ ಬರುತ್ತದೆ. ಎಲ್ಲರೆದುರು ನಿಲ್ಲಿಸಿ ಓದಿಸಬಾರದು. ಇದು ನಿಯಮವಾದರೆ ಸಾಕು, ಎಷ್ಟೋ ಮಕ್ಕಳ ಬೆಳಗಿನ ಹೊಟ್ಟೆನೋವು ನಿಲ್ಲುತ್ತದೆ.

ಇದರಲ್ಲಿ ಇನ್ನೊಂದು ಲಾಭವಿದೆ. ಹೀಗೆ ಮೂರು ನಾಲ್ಕು ತಿಂಗಳು ಕಲಿಸಿದರೆ ಪಾಠ ತಪ್ಪಿಸಿಕೊಂಡ ಮಕ್ಕಳಲ್ಲಿ ಹೆಚ್ಚಿನವರು ಎದ್ದು ಮುಂದಿನ ತಟ್ಟೆಗೆ ಹೋಗುತ್ತಾರೆ. ಆಗಲೂ ಉಳಿದವರೇ ತಜ್ಞರು ನೋಡಬೇಕಾದ ಮಕ್ಕಳು. ಮೊದಲು ಪಟ್ಟಿ, ಆಮೇಲೆ ಪಾಠ ಎಂಬ ಕ್ರಮವನ್ನು ತಿರುವುಮುರುವು ಮಾಡಿದರೆ ಪಟ್ಟಿಯೂ ಚಿಕ್ಕದಾಗುತ್ತದೆ, ನಂಬುವಂಥದೂ ಆಗುತ್ತದೆ. ತಾಲ್ಲೂಕಿಗೆ ಬೆರಳೆಣಿಕೆಯಷ್ಟಿರುವ ಬಿಐಇಆರ್‌ಟಿಗಳಿಗೆ, ಅಂದರೆ ಸಮನ್ವಯ ಶಿಕ್ಷಣದ ಸಂಪನ್ಮೂಲ ಶಿಕ್ಷಕರಿಗೆ, ಅದು ಹೊರಬಲ್ಲ ಹೊರೆ. ಹಾಸಿಗೆ ಬಿಟ್ಟು ಏಳಲಾರದ ಮಕ್ಕಳಿಗೆ ಮನೆಗೇ ಹೋಗಿ ಕಲಿಸುವ ಕೆಲಸ ಅವರದು. ಅವರ ಸಮಯದಲ್ಲಿ ಮೊದಲ ಪಾಲು ಆ ಮಕ್ಕಳಿಗೆ ಸಲ್ಲಬೇಕಾದದ್ದೇ.

ಹಾಗಾದರೆ ಪ್ರಮಾಣಪತ್ರ ಬೇಡವೇ? ಬೇಕು. 2018ರ ಕೇಂದ್ರದ ಪರೀಕ್ಷಾ ಮಾರ್ಗಸೂಚಿಯಲ್ಲಿ ಬರಹಗಾರರ ಸಹಾಯ, ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚುವರಿ ಸಮಯ ಎಂದು ಹೇಳಿರುವುದು ಕಾಗದ ಇದ್ದವರಿಗೆ. ಆದರೆ ಆ ಕಾಗದಕ್ಕಾಗಿ ಜಿಲ್ಲಾ ಕೇಂದ್ರಕ್ಕೆ ಹೋಗಿ ಬರುವುದೆಂದರೆ ಕೂಲಿ ಮಾಡುವ ತಾಯಿಗೆ ಪ್ರತಿ ಸಲವೂ ಒಂದು ದಿನದ ಪಗಾರ ಮತ್ತು ಇಬ್ಬರ ಬಸ್ ಖರ್ಚು, ಪರೀಕ್ಷೆಗಳೋ ಒಂದೇ ದಿನಕ್ಕೆ ಮುಗಿಯುವುದಿಲ್ಲ. ತಜ್ಞರು ತಿಂಗಳಿಗೊಮ್ಮೆ ತಾಲ್ಲೂಕಿನ ಬಿಆರ್‌ಸಿಗೆ, ಅಂದರೆ ಶಿಕ್ಷಣ ಇಲಾಖೆಯ ಕ್ಷೇತ್ರ ಸಂಪನ್ಮೂಲ ಕೇಂದ್ರಕ್ಕೆ, ಬಂದು ಕೂತರೆ, ಶಾಲೆಯವರು ಹಾಜರಿ, ಪ್ರಗತಿ ನೋಟ, ಮೂರು ತಿಂಗಳ ಪಾಠದ ದಾಖಲೆ ಹಿಡಿದು ಮಗುವಿನ ಜೊತೆ ಹೋದರೆ ಅರ್ಧ ಕೆಲಸ ಅಲ್ಲಿಯೇ ಮುಗಿಯುತ್ತದೆ.

ಅಲ್ಲಿಯವರೆಗೆ ನಾನು ಮಾಡುವುದು ಇಷ್ಟೆ. ಮೂರನೆಯ ತರಗತಿ ಮುಗಿಸಿ ಹೋಗುವ ಅಂಥ ಪ್ರತಿ ಮಗುವಿನ ಜೊತೆ ಅರ್ಧ ಹಾಳೆ ಕಳುಹಿಸುತ್ತೇನೆ. ಯಾವ ಚಿಹ್ನೆಯವರೆಗೆ ಬಂದಿದೆ, ಯಾವ ಜೋಡಿ ಅಕ್ಷರ ಗೊಂದಲ, ಎಷ್ಟು ದೊಡ್ಡ ಅಕ್ಷರದಲ್ಲಿ ಬರೆದರೆ ಓದುತ್ತದೆ, ಪರಿಸರ ಅಧ್ಯಯನದ ಪ್ರಶ್ನೆಗಳನ್ನು ಬಾಯಲ್ಲಿ ಕೇಳಿದರೆ ಏನೇನು ಹೇಳುತ್ತದೆ ಎಂಬ ವಿವರ. ತೊಡಕಿಗೆ ಹೆಸರು ಹಾಕುವುದಿಲ್ಲ, ಅದು ನನ್ನ ಅಧಿಕಾರವಲ್ಲ. ನಮ್ಮ ಶಾಲೆಯ ನಾಲ್ಕನೆಯ ತರಗತಿಯ ಸರ್ ಅದನ್ನು ಪಾಠಯೋಜನೆಯ ಪುಸ್ತಕದೊಳಗೆ ಅಂಟಿಸಿಕೊಂಡಿದ್ದಾರೆ. ಐದಕ್ಕೆ ಕಳುಹಿಸಲು ಇನ್ನೊಂದು ಬರೆದುಕೊಡಿ ಎಂದು ಹೋದ ವಾರ ಕೇಳಿದರು. ಒತ್ತಕ್ಷರ ಎಲ್ಲಿಗೆ ಬಂತು ಎಂಬುದು ಈಗ ನಿಮಗೇ ಗೊತ್ತು, ಆ ಹಾಳೆಯನ್ನು ನೀವೇ ಬರೆಯಬೇಕು ಸರ್ ಎಂದು ಹೇಳಿದ್ದೇನೆ.